ಹೊಗೆಗೂ ಒಂದು ಕೆಲಸವಿತ್ತು

ಹೋದ ವಾರ ನಮ್ಮ ಅಡುಗೆಮನೆಗೆ ಚಿಮಣಿ ಬಂತು. ಚಿಮಣಿ ಎಂದರೆ ಸೂರಿನ ಮೇಲೆ ನಿಲ್ಲುವ ಕೊಳವೆಯಲ್ಲ. ಗ್ಯಾಸ್ ಒಲೆಯ ನೆತ್ತಿಯ ಮೇಲೆ ಕೂತು, ಗುಂಡಿ ಒತ್ತಿದರೆ ಗುರ್ ಎನ್ನುವ ಕರಿಗಾಜಿನ ಯಂತ್ರ. ಅದನ್ನು ಗೋಡೆಗೆ ಬಿಗಿದು ಹೋದ ಮೇಲೆ ಸೊಸೆ ಪರೀಕ್ಷೆಗೆಂದೇ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಳು. ನಾನು ನಡುಮನೆಯಲ್ಲಿ ಸೀನುವುದಕ್ಕೆ ಸಿದ್ಧಳಾಗಿ ಕೂತೆ. ಬುದ್ಧಿ ಬಂದಾಗಿನಿಂದ ಒಗ್ಗರಣೆಗೆ ಸೀನುತ್ತ ಬಂದವಳು ನಾನು. ಸೀನು ಬರಲಿಲ್ಲ.

"ಅತ್ತೆ, ಹೊಗೆ ಬಂತಾ?" ಎಂದು ಒಳಗಿನಿಂದ ಕೂಗಿದಳು.

"ಇಲ್ಲ ಕಣೇ" ಎಂದೆ, ಏನೋ ಕಳೆದುಕೊಂಡವಳ ಹಾಗೆ.

ಹೊಗೆ ಬರದಿದ್ದರೆ ಸಂತೋಷಪಡಬೇಕು, ಈ ಮುದುಕಿಗೇನಾಯಿತು ಎಂದು ಅವಳು ಅಂದುಕೊಂಡಿರಬೇಕು. ನೀವೂ ಅಂದುಕೊಳ್ಳುತ್ತೀರಿ. ಆದರೆ ಹೊಗೆಯ ವಿಷಯದಲ್ಲಿ ನಾನೊಮ್ಮೆ ಸರಕಾರದ ಪರವಾಗಿ ಯುದ್ಧ ಮಾಡಿದವಳು. ಕೂತುಕೊಳ್ಳಿ, ಹೇಳುತ್ತೇನೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಗ್ರಾಮಸೇವಿಕೆಯಾಗಿದ್ದೆ. ಹಳ್ಳಿಗಳಿಗೆ ಹೋಗಿ ಹೆಂಗಸರಿಗೆ ಶಿಶುಪಾಲನೆ, ಕೈತೋಟ, ಹೊಲಿಗೆ, ಶುಚಿತ್ವ ಇವನ್ನೆಲ್ಲ ಹೇಳಿಕೊಡುವ ಕೆಲಸ. ಆಗ ನನಗೆ ಇಪ್ಪತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ಐದಾರು ಮಕ್ಕಳನ್ನು ಹೆತ್ತ ಹೆಂಗಸರನ್ನು ಸಾಲಾಗಿ ಕೂರಿಸಿಕೊಂಡು, ಕೂಸಿಗೆ ನೀರು ಹಾಕುವುದು ಹೇಗೆ ಎಂದು ಬಟ್ಟೆಯ ಗೊಂಬೆ ಹಿಡಿದು ತೋರಿಸುತ್ತಿದ್ದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದರು. ಅದು ಶ್ರದ್ಧೆ ಎಂದು ನಾನು ಬಹಳ ದಿನ ನಂಬಿದ್ದೆ.

ನಮ್ಮೂರು ಬೇಲೂರು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ನನಗೆ ಕೆಲಸದ ಕಾಗದ ಬಂದ ದಿನ ಅಮ್ಮ, "ಮನೇಲಿ ಒಂದು ಲೋಟ ಎತ್ತಿಡದವಳು ಊರ ಹೆಂಗಸರಿಗೆ ಏನು ಕಲಿಸ್ತಾಳೆ?" ಎಂದರು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಅದು ಸರ್ಕಾರಕ್ಕಿನ್ನೂ ಗೊತ್ತಾಗಿಲ್ಲ, ನೀನು ಸುಮ್ಮನಿರು" ಎಂದರು. ಹೀಗೆ ತಂದೆತಾಯಿಗಳ ಆಶೀರ್ವಾದ ಪಡೆದು ಜಾವಗಲ್ಲಿಗೆ ಹೋದೆ. ಅಲ್ಲಿ ಮೇಷ್ಟರೊಬ್ಬರ ಮನೆಯ ಹಿಂದಿನ ಕೋಣೆ ನನ್ನ ಬಿಡಾರ. ಸುತ್ತಲಿನ ಹಳ್ಳಿಗಳು ನನ್ನ ಕಾರ್ಯಕ್ಷೇತ್ರ.

ಇನ್ನು ಶೇಷಾದ್ರಿಯವರ ವಿಷಯ. ಅವರು ಅರಸೀಕೆರೆಯಲ್ಲಿ ನಮ್ಮ ಯೋಜನೆಗೆಂದು ಬಂದಿದ್ದ ಇಂಜಿನಿಯರು. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಆಗ ಪತ್ರಿಕೆ ಬಿಚ್ಚಿದರೆ ಅಣೆಕಟ್ಟು, ಕಾರ್ಖಾನೆ, ವಿದ್ಯುತ್ತಿನ ಕಂಬ. ಅವರ ಜೊತೆ ಓದಿದವರೆಲ್ಲ ನದಿಗಳಿಗೆ ಅಡ್ಡ ನಿಂತಿದ್ದರು. ಇವರ ಪಾಲಿಗೆ ಬಂದದ್ದು ಮೊಣಕಾಲೆತ್ತರದ ಮಣ್ಣಿನ ಒಲೆ. ಅದನ್ನು ಅವರು ಯಾರಿಗೂ ನೇರವಾಗಿ ಹೇಳುತ್ತಿರಲಿಲ್ಲ. "ಇಂಧನ ಮತ್ತು ನೇತ್ರಾರೋಗ್ಯದ ಕೆಲಸ" ಎನ್ನುತ್ತಿದ್ದರು.

ನಗಬೇಡಿ. ಅವರು ಹೇಳುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ದೇಶದ ತುಂಬ ಹೆಂಗಸರು ದಿನಕ್ಕೆ ನಾಲ್ಕೈದು ಗಂಟೆ ಹೊಗೆಯಲ್ಲಿ ಕೂರುತ್ತಾರೆ, ಕಣ್ಣು ಎದೆ ಎರಡೂ ಹಾಳಾಗುತ್ತವೆ, ಮರಗಳೂ ಬರಿದಾಗುತ್ತವೆ. ಅಣೆಕಟ್ಟಿನಷ್ಟೇ ದೊಡ್ಡ ಸಮಸ್ಯೆ ಇದು, ಎನ್ನುವರು. ಅವರ ಒಲೆಗೆ ಒಂದು ಕಡೆ ಬೆಂಕಿಯ ಬಾಯಿ, ಮೇಲೆ ಪಾತ್ರೆ ಇಡಲು ಮೂರು ಕಣ್ಣು, ಕೊನೆಯಲ್ಲಿ ಹೊಗೆಯನ್ನು ಸೂರಿನಾಚೆಗೆ ಕಳಿಸುವ ಮಣ್ಣಿನ ಕೊಳವೆ. ಅಷ್ಟಕ್ಕೆ ಅವರು ನಾಲ್ಕು ಹಾಳೆ ನಕ್ಷೆ ಬರೆದಿದ್ದರು: ಮೇಲಿನಿಂದ ಕಂಡಂತೆ, ಮುಂದಿನಿಂದ ಕಂಡಂತೆ, ಪಕ್ಕದಿಂದ ಕಂಡಂತೆ, ಮತ್ತು ಸೀಳಿದರೆ ಕಂಡಂತೆ. ಒಲೆಯ ಮುಂದೆ ಕೂತವರಿಗೆ ಕಂಡಂತೆ ಒಂದು ಹಾಳೆ ಬರೆದಿರಲಿಲ್ಲ. ಇದು ನಾನು ಈಗ ಹೇಳುವ ಜಾಣತನ. ಆಗ ನನಗೂ ಹೊಳೆದಿರಲಿಲ್ಲ.

ಮೊದಲ ಒಲೆ ಜಾವಗಲ್ಲಿನಿಂದ ಹಳೇಬೀಡಿನ ದಾರಿಯಲ್ಲಿ ಮೂರು ಮೈಲಿ ದೂರದ ಒಂದು ಹಳ್ಳಿಯಲ್ಲಿ, ಹಾಲಮ್ಮನ ಮನೆಯಲ್ಲಿ ಎಂದು ನಿಶ್ಚಯವಾಯಿತು. ತೆಂಗಿನ ತೋಟದವರ ಮನೆ, ನಾಡಹೆಂಚಿನ ಸೂರು. ಹಾಲಮ್ಮನಿಗೆ ನಲವತ್ತರ ಮೇಲೆ. ಗಟ್ಟಿ ಆಳು, ಗಟ್ಟಿ ದನಿ. ಆದರೆ ಕಣ್ಣು ಮಾತ್ರ ಸದಾ ಕೆಂಪು, ಸದಾ ನೀರು. ಅರಸೀಕೆರೆಯ ಡಾಕ್ಟರು ತೊಟ್ಟು ಹಾಕುವ ಔಷಧಿ ಕೊಟ್ಟು, ಹೊಗೆಯಿಂದ ದೂರ ಇರಬೇಕು, ಇಲ್ಲದಿದ್ದರೆ ಎರಡು ಮೂರು ವರ್ಷದಲ್ಲಿ ನೋಟ ಮಂಜಾಗುತ್ತದೆ ಎಂದಿದ್ದರಂತೆ. ಅದಕ್ಕೆ ಇವಳು, "ಹೊಗೆಯಿಂದ ದೂರ ಇದ್ರೆ ಹಿಟ್ಟಿಂದಾನೂ ದೂರ ಇರ್ಬೇಕಾಯ್ತದಲ್ಲ ಸ್ವಾಮಿ" ಎಂದು ಕೇಳಿ ಎದ್ದು ಬಂದಿದ್ದಳು. ಆ ಕಡೆ ರಾಗಿಮುದ್ದೆಗೆ ಹಿಟ್ಟು ಎಂದೇ ಹೆಸರು.

ಕೊಳವೆಗಳನ್ನು ಹಳೇಬೀಡಿನ ಕುಂಬಾರರು ಮಾಡಿಕೊಟ್ಟರು. ಬಸ್ಸಿನ ಮೇಲೆ ಹಾಕಿದರೆ ಒಡೆಯುತ್ತವೆಂದು ನಾನೂ ಶೇಷಾದ್ರಿಯವರೂ ಒಂದೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆವು. ಕಂಡಕ್ಟರು ನಮ್ಮಿಬ್ಬರನ್ನೂ ನೋಡಿ, "ಕೈಕೂಸಿಗೆ ಟಿಕೀಟಿಲ್ಲ ಬಿಡಿ" ಎಂದ. ಬಸ್ಸೆಲ್ಲ ನಕ್ಕಿತು. ಶೇಷಾದ್ರಿಯವರು ಕಿಟಕಿಯ ಕಡೆ ತಿರುಗಿ ದೇಶದ ಭವಿಷ್ಯವನ್ನು ನೋಡುತ್ತ ಕೂತರು.

ಎರಡು ದಿನ ಮಣ್ಣು ಕಲಸಿ ಒಲೆ ಹಾಕಿ, ಒಂದು ವಾರ ಒಣಗಲು ಬಿಟ್ಟು, ಬೆಂಕಿ ಹಚ್ಚಿದೆವು. ಹೊಗೆ ಕೊಳವೆಯಲ್ಲಿ ಏರಿ ಹೆಂಚಿನಾಚೆ ಹೋಯಿತು. ಬೀದಿಯವರೆಲ್ಲ ಹೊರಗೆ ನಿಂತು ತಲೆಯೆತ್ತಿ ನೋಡಿದರು. ಹಾಲಮ್ಮ ಒಲೆಯ ಮುಂದೆ ಕೂತು ಕಣ್ಣು ಅಗಲಿಸಿ, "ಬೆಂಕಿ ಇಷ್ಟು ಚೆಂದಾಗಿ ಕಂಡಿದ್ದು ಇದೇ ಮೊದ್ಲು ಕಣವ್ವ" ಎಂದಳು. ಶೇಷಾದ್ರಿಯವರ ಮುಖ ಅಣೆಕಟ್ಟು ತುಂಬಿದಂತೆ ತುಂಬಿತು.

ಆಮೇಲೆ ಹಾಲಮ್ಮ ಹಿಟ್ಟು ತಿರುವಲು ಕೂತಳು. ಮುದ್ದೆ ತಿರುವುವುದನ್ನು ನೀವು ನೋಡಿರುತ್ತೀರಿ. ಕವೆಗೋಲಿನಿಂದ ಮಡಕೆಯ ಕತ್ತು ಅದುಮಿ ಹಿಡಿದು, ಇನ್ನೊಂದು ಕೋಲಿನಿಂದ ಮೈಭಾರವನ್ನೆಲ್ಲ ಬಿಟ್ಟು ತಿರುವಬೇಕು. ಮೂರನೆಯ ಸುತ್ತಿಗೆ ಒಲೆಯ ಮೊದಲ ಕಣ್ಣು ಬಿರುಕು ಬಿಟ್ಟಿತು. ಐದನೆಯ ಸುತ್ತಿಗೆ ಮಡಕೆ ಅರ್ಧ ಒಳಗೆ ಇಳಿಯಿತು.

"ಇಷ್ಟು ಬಲ ಯಾಕೆ ಹಾಕ್ತೀರಿ?" ಎಂದರು ಶೇಷಾದ್ರಿ ಗಾಬರಿಯಿಂದ. ಅವರು ಅನ್ನ ಉಣ್ಣುವ ಮನೆಯವರು. ಮುದ್ದೆಯನ್ನು ಹತ್ತಿರದಿಂದ ನೋಡಿರಲಿಲ್ಲ.

ಹಾಲಮ್ಮ ಕೋಲನ್ನು ಅವರ ಕೈಗೆ ಕೊಟ್ಟಳು. "ನೀವೇ ಮೆತ್ತಗೆ ತಿರುವಿ ಇಂಜಿನೇರಪ್ಪ. ಗಂಟಿಲ್ದಂಗೆ ಬಂದ್ರೆ ನಾನೂ ನಾಳೆಯಿಂದ ಮೆತ್ತಗೇ ತಿರುವ್ತೀನಿ."

ಅವರು ತೋಳು ಮಡಿಸಿ ಕೂತರು. ಕಾಲು ಗಂಟೆಯ ಮೇಲೆ ಎದ್ದಾಗ ಷರಟು ಬೆನ್ನಿಗೆ ಅಂಟಿತ್ತು, ಮಡಕೆಯ ತುಂಬ ಗೋಲಿಯಷ್ಟು ಗಂಟುಗಳಿದ್ದವು. ಅದನ್ನೇ ನಮಗಿಬ್ಬರಿಗೂ ಬಡಿಸಿದಳು. ಅವರು ಅಗಿಯಲು ಹೋದರು. "ಅಗೀಬೇಡಿ, ನುಂಗಿ" ಎಂದು ಮನೆಯವರೆಲ್ಲ ಒಟ್ಟಿಗೆ ಕೂಗಿದರು.

ಆದರೆ ಒಂದು ಮಾತು ಹೇಳಬೇಕು. ಮಾರನೆಯ ವಾರ ಅವರು ಬಂದಾಗ ನಕ್ಷೆ ತಿದ್ದಿಕೊಂಡು ಬಂದಿದ್ದರು. ಮೊದಲ ಕಣ್ಣಿನ ಸುತ್ತ ಕಲ್ಲು ಕಟ್ಟಿ, ಬೆಂಕಿಯ ಬಾಯಿಯನ್ನು ತೆಂಗಿನ ಮಟ್ಟೆ ಹೋಗುವಷ್ಟು ಅಗಲ ಮಾಡಿ, ಕವೆಗೋಲಿನ ಬುಡ ಊರಲು ಒಂದು ಗುಳಿಯನ್ನೂ ಬಿಟ್ಟಿದ್ದರು. ಕೋಪ ಮಾಡಿಕೊಳ್ಳದೆ ತಪ್ಪು ತಿದ್ದುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು.

ಆ ಒಲೆ ನಿಂತಿತು. ಎರಡು ತಿಂಗಳಲ್ಲಿ ಹಾಲಮ್ಮನ ಕಣ್ಣಿನ ಕೆಂಪು ಇಳಿಯಿತು. ಬೀದಿಯ ಇನ್ನೂ ಆರು ಮನೆಯವರು ಒಲೆ ಹಾಕಿಸಿಕೊಂಡರು. ನಾನು ತಿಂಗಳ ವರದಿಯಲ್ಲಿ "ಗಣನೀಯ ಪ್ರಗತಿ" ಎಂದು ಬರೆದೆ. ಒಂದು ದಿನ ಹಾಲಮ್ಮ, "ನಿಮ್ ರೂಮ್ನಾಗೆ ಯಾವ ಒಲೆ ಐತೆ ಸೇವಿಕಮ್ಮ?" ಎಂದು ಕೇಳಿದಳು. ಮೇಷ್ಟರ ಹೆಂಡತಿ ಹೊಸ ಒಲೆಗೆ ಒಪ್ಪಿರಲಿಲ್ಲ. ನಾನು ಮೂರು ಕಲ್ಲಿಟ್ಟುಕೊಂಡು, ಊದುಗೊಳವೆ ಊದಿ, ಅಳುತ್ತ ಅನ್ನ ಮಾಡಿಕೊಳ್ಳುತ್ತಿದ್ದೆ. ಸುಳ್ಳು ಹೇಳಲು ಬಾಯಿ ತೆರೆದೆ. ಅವಳು ನನ್ನ ಕಣ್ಣು ನೋಡಿ, "ಬಿಡಿ, ಗೊತ್ತಾಯ್ತು" ಎಂದಳು.

ಮುಂಗಾರಿಗೆ ಮುಂಚಿನ ಬಿತ್ತನೆಯ ತಯಾರಿ ಶುರುವಾದಾಗ ಕಾಲ ಕೆಟ್ಟಿತು.

ಹಾಲಮ್ಮನ ಮನೆ ಆ ಬೀದಿಗೆ ಬೀಜದ ಮನೆ. ಒಲೆಯ ನೇರಕ್ಕೆ ಮೇಲೆ ಬಿದಿರ ಗಳುಗಳ ಅಟ್ಟ. ಅಲ್ಲಿ ಅವರೆ, ಅಲಸಂದೆ, ತೊಗರಿ, ಜೋಳದ ತೆನೆ, ಹೀರೆ ಸೋರೆಯ ಬೀಜ, ಎಲ್ಲ ಬುಟ್ಟಿಗಳಲ್ಲಿ, ಗಂಟುಗಳಲ್ಲಿ. ಅವಳ ಅತ್ತೆಯ ಕಾಲದಿಂದಲೂ ಬೀದಿಯವರು ಬಿತ್ತನೆಗೆ ಅಲ್ಲಿಂದ ಒಯ್ಯುವುದು, ಸುಗ್ಗಿಯಲ್ಲಿ ತಂದು ತುಂಬುವುದು. ಆ ವರ್ಷ ಅಟ್ಟ ಹತ್ತಿ ಬುಟ್ಟಿ ಇಳಿಸಿದರೆ ಅವರೆಯಲ್ಲಿ ಕಾಳಿಗೊಂದು ತೂತು. ಅಲಸಂದೆ ಮುಟ್ಟಿದರೆ ಹಿಟ್ಟು. ಜೋಳದ ತೆನೆಯಿಂದ ಹುಳ ಉದುರಿತು. ರಾಗಿಯೊಂದು ಉಳಿದಿತ್ತು.

ನಾನು ಹೋದಾಗ ಬೀದಿಯ ಹೆಂಗಸರು ಜಗಲಿಯ ಮೇಲೆ ಕೂತಿದ್ದರು. ಒಳಗೆ ಕೊಳವೆ ಮೂರು ತುಂಡಾಗಿ ಬಿದ್ದಿತ್ತು. ಹಾಲಮ್ಮ ಒನಕೆಯಿಂದ ಹೊಡೆದಿದ್ದಳು.

"ನನ್ ಕಣ್ಣು ಉಳೀತು, ಬೀದಿ ಬೀಜ ಹೋಯ್ತು" ಎಂದಳು. "ಹೊಗೆ ಇತ್ತು ಅಂತ ಹುಳ ಬತ್ತಿರಲಿಲ್ಲ. ಇದು ನನಗೂ ಹೊಳೀಲಿಲ್ಲ, ನಿಮಗೂ ಹೊಳೀಲಿಲ್ಲ. ನಮ್ಮತ್ತೆ ಇದ್ದಿದ್ರೆ ಹೇಳಿರೋಳು." ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಶೇಷಾದ್ರಿಯವರಿಗೆ ಸುದ್ದಿ ಮುಟ್ಟಿಸಿದೆ. ಬರುವುದಿಲ್ಲ ಎಂದುಕೊಂಡಿದ್ದೆ; ಮಾರನೆಯ ಬೆಳಗಿನ ಬಸ್ಸಿಗೇ ಬಂದರು. ಜಗಲಿಯಲ್ಲಿ ಯಾರೂ ಕೂರಿ ಎನ್ನಲಿಲ್ಲ. ಅವರೇ ಏಣಿ ಕೇಳಿ ಅಟ್ಟ ಹತ್ತಿದರು. ಕೆಳಗೆ ಇಳಿದಾಗ ಬಿಳಿ ಷರಟಿನ ತುಂಬ ಹಳೆಯ ಇಲ್ಲಣದ ಮಸಿ, ಅಂಗೈಯಲ್ಲಿ ತೂತುಬಿದ್ದ ನಾಲ್ಕು ಅವರೆಕಾಳು.

"ಹೊಗೆಗೂ ಒಂದು ಕೆಲಸ ಇತ್ತಮ್ಮ" ಎಂದರು ಹಾಲಮ್ಮನಿಗೆ. "ನಾನು ಅದನ್ನ ಕೇಳದೆ ಕೆಲಸದಿಂದ ತೆಗೆದುಬಿಟ್ಟೆ."

ಹಾಲಮ್ಮ ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ಅಲ್ಲಿಂದ ಮಾತು ಶುರುವಾಯಿತು.

ಅಟ್ಟಕ್ಕೆ ದಿನವೆಲ್ಲ ಹೊಗೆ ಬೇಕೇ ಎಂದು ಅವರು ಕೇಳಿದರು. ಬೇಡ, ಒಂದು ಹೊತ್ತು ಸಾಕು ಎಂದಳು. ಯಾವ ಹೊತ್ತು? ಅವಳು ಯೋಚಿಸಿದಳು. "ಬೆಳಿಗ್ಗೆ ಎತ್ತಿಗೆ ಹುರುಳಿ ಬೇಯಾಕೆ ಇಡ್ತೀವಲ್ಲ, ಆಗ ಒಲೆ ಮುಂದೆ ಯಾರೂ ಕೂರಕ್ಕಿಲ್ಲ. ಮಟ್ಟೆ ತುರುಕಿ ಕೊಟ್ಟಿಗೆ ಕಡೀಕೆ ಹೋಯ್ತೀವಿ. ಆಗ ಬರ್ಲಿ ಹೊಗೆ, ಯಾರ ಕಣ್ಣಿಗೆ ಬಿದ್ದಾತು?"

ಶೇಷಾದ್ರಿಯವರು ನೆಲದ ಮೇಲೆಯೇ ಸೀಮೆಸುಣ್ಣದಿಂದ ಗೀಚಿದರು. ಹೊಸ ಕೊಳವೆ ಅಟ್ಟ ದಾಟುವ ಜಾಗದಲ್ಲಿ ಮುಚ್ಚಳವಿರುವ ಒಂದು ಕಿಂಡಿ. ಕಿಂಡಿಯ ಮೇಲ್ಗಡೆ ಕೊಳವೆಗೆ ಅಡ್ಡವಾಗಿ ಜಾರುವ ಒಂದು ತಗಡು. ತಗಡು ಒಳಗೆ ತಳ್ಳಿದರೆ ಹೊಗೆ ಅಟ್ಟಕ್ಕೆ. ತಗಡು ಎಳೆದು ಕಿಂಡಿ ಮುಚ್ಚಿದರೆ ಹೊಗೆ ಆಕಾಶಕ್ಕೆ. ಹಾಲಮ್ಮ ನೋಡಿ, "ದಿನಾ ಏಣಿ ಹತ್ತಾಕಾಯ್ತದಾ? ಎರಡಕ್ಕೂ ಹಗ್ಗ ಕಟ್ಟಿ ಕೆಳಗೆ ಬಿಡಿ" ಎಂದಳು. ಕಟ್ಟಿದರು. ಉಳಿದ ಆರು ಮನೆಯವರೂ ತಮ್ಮ ಅಟ್ಟಕ್ಕೆ ಅಂಥದೇ ಕಿಂಡಿ ಮಾಡಿಸಿಕೊಂಡರು. ಬೀದಿಯವರಿಗೆ ಬೇಕಾದ ಬೀಜವನ್ನು ಆ ವರ್ಷ ಅಕ್ಕಪಕ್ಕದ ಊರುಗಳಲ್ಲಿ ಹೇಗೋ ಹೊಂದಿಸಿಕೊಂಡರು. ಹಾಲಮ್ಮ ತಾನೇ ಮನೆ ಮನೆ ತಿರುಗಿ ಬೇಡಿ ತಂದಳು. ಕೊಡುತ್ತಿದ್ದವಳು ಬೇಡಲು ಹೋದದ್ದು ಅವಳಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು, ಏಕೆಂದರೆ ಬುಟ್ಟಿ ಹಿಡಿದುಕೊಂಡು ಹಿಂದೆ ಹೋದವಳು ನಾನೇ.

ಮಾರನೆಯ ವರ್ಷ ಅಟ್ಟದ ಬೀಜ ಹಸನಾಗಿತ್ತು. ಕಣ್ಣೂ ಹಸನಾಗಿತ್ತು. ಆಗಲೇ ನೋಡಿ ಸಾಹೇಬರು ಬಂದದ್ದು.

ಸಾಹೇಬರು ಎಂದರೆ ನಮ್ಮ ಮೇಲಿನ ಕಚೇರಿಯ ಅಧಿಕಾರಿಗಳು, ಜೀಪಿನವರು. ನಮ್ಮ ಹಳ್ಳಿಯನ್ನು "ಹೊಗೆಯಿಲ್ಲದ ಗ್ರಾಮ" ಎಂದು ಘೋಷಿಸಲು ಬರುವವರಿದ್ದರು. ಹನ್ನೊಂದಕ್ಕೆ ಬರುತ್ತೇವೆಂದು ಹೇಳಿ ಎಂಟಕ್ಕೇ ಬಂದರು. ಎಂಟು ಗಂಟೆ ಎಂದರೆ ಹುರುಳಿ ಬೇಯುವ ಹೊತ್ತು. ಏಳೂ ಮನೆಗಳ ಹೆಂಚಿನ ಸಂದಿಯಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು. ಸಾಹೇಬರು ಜೀಪಿನಿಂದ ಒಂದು ಕಾಲು ಇಳಿಸಿ ಹಾಗೇ ನಿಂತರು.

"ಇದೇ ಏನ್ರೀ ಹೊಗೆಯಿಲ್ಲದ ಗ್ರಾಮ?"

ಶೇಷಾದ್ರಿಯವರು ಒಳಗೆ ಕರೆದುಕೊಂಡು ಹೋಗಿ ಹಗ್ಗ ಎಳೆದು ತೋರಿಸಿದರು, ಬಿಟ್ಟು ತೋರಿಸಿದರು, ಬೀಜ ತೋರಿಸಿದರು. ಸಾಹೇಬರು ನಕ್ಷೆ ಬಿಡಿಸಿ, "ಈ ಕಿಂಡಿ ನಕ್ಷೆಯಲ್ಲಿ ಇಲ್ಲ" ಎಂದರು.

ಬಾಗಿಲಲ್ಲಿ ನಿಂತಿದ್ದ ಹಾಲಮ್ಮ, "ನಕ್ಷೆಯಾಗೆ ನಾನೂ ಇಲ್ಲವಲ್ಲ ಸ್ವಾಮಿ" ಎಂದಳು. ವ್ಯಂಗ್ಯವಾಗಿ ಅಲ್ಲ, ಇದ್ದುದನ್ನು ಇದ್ದ ಹಾಗೆ.

ಸಾಹೇಬರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿತು. ಜೀಪಿನ ಮುಂಭಾಗದ ಮೇಲೆ ಕಾಗದ ಇಟ್ಟು, ಜೊತೆಗೆ ಬಂದಿದ್ದ ಗುಮಾಸ್ತನಿಗೆ ವರದಿ ಹೇಳಿ ಬರೆಸಿದರು. ಕೊನೆಯ ವಾಕ್ಯ ಹೀಗಿತ್ತು: "ಗ್ರಾಮಸ್ಥರು ಸಹಕರಿಸದ ಕಾರಣ ಯೋಜನೆ ವಿಫಲವಾಗಿದೆ." ಶೇಷಾದ್ರಿಯವರು ಓದಿ, ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. "ಇದು ನಿಜ ಅಲ್ಲ ಸಾರ್, ನಾನು ಸಹಿ ಹಾಕಲ್ಲ" ಎಂದರು. ಸಾಹೇಬರು ಕಾಗದವನ್ನು ನನ್ನ ಕಡೆ ತಿರುಗಿಸಿದರು.

ಇಲ್ಲಿಯವರೆಗೆ ನನ್ನನ್ನು ನಾನೇ ಹಾಸ್ಯ ಮಾಡಿಕೊಂಡು ಬಂದೆ, ನೀವೂ ನಕ್ಕಿರಿ. ಇದನ್ನು ಮಾತ್ರ ನಗಿಸಿ ಹೇಳಲು ನನಗೆ ಬರುವುದಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪನಿಗೆ ನಿವೃತ್ತಿ ಹತ್ತಿರವಿತ್ತು. ಹಾಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಸಹಿ ಹಾಕಿದೆ.

"ಏನಂತ ಬರೆದವ್ರೆ ಕಣವ್ವ?" ಎಂದು ಆಮೇಲೆ ಕೇಳಿದಳು.

"ನೋಡಿದ್ದೀವಿ ಅಂತ" ಎಂದೆ.

ತಿಂಗಳೊಳಗೆ ಶೇಷಾದ್ರಿಯವರಿಗೆ ದೂರದ ರಸ್ತೆ ಕೆಲಸಕ್ಕೆ ವರ್ಗವಾಯಿತು. ಹೋಗುವ ಮುನ್ನ ಹಾಲಮ್ಮನ ಮನೆಗೆ ಊಟಕ್ಕೆ ಬಂದರು. ಅಷ್ಟು ಹೊತ್ತಿಗೆ ಅವರು ಮುದ್ದೆಯನ್ನು ಅಗಿಯದೆ ನುಂಗುವಷ್ಟು ಪರಿಣತರಾಗಿದ್ದರು. ನನ್ನ ಸಹಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಚೆನ್ನಾಗಿ ಕೆಲಸ ಮಾಡಿದ್ರಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಯೋಜನೆ ನಿಂತಿತು, ಒಲೆ ನಿಲ್ಲಲಿಲ್ಲ. ಒಂದೆರಡು ವರ್ಷದ ಮೇಲೆ ಹಳೇಬೀಡಿನ ಸಂತೆಯಲ್ಲಿ ಕುಂಬಾರರಾಕೆಯೊಬ್ಬಳು ಪಕ್ಕದಲ್ಲಿ ಕಿಂಡಿಯಿದ್ದ ಕೊಳವೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ನಾನು ಬಗ್ಗಿ ನೋಡಿದೆ. "ಇದು ಹಾಲಮ್ಮನ ಕೊಳವೆ ಅಂತ. ನಿಮ್ಮಂಥೋರಿಗೆ ತಿಳೀದು, ಹೆಂಗೆ ಕೂರ್ಸೋದು ಅಂತ ನಾ ಹೇಳ್ಕೊಡ್ತೀನಿ" ಎಂದು ಪೂರ್ತಿ ಹೇಳಿಕೊಟ್ಟಳು. ನಾನು ಸೆರಗು ಬಾಯಿಗೆ ಒತ್ತಿಕೊಳ್ಳದೆ, ನಿಜವಾದ ಶ್ರದ್ಧೆಯಿಂದ ಕೇಳಿದೆ.

ಅರವತ್ತರ ದಶಕದ ನಡುವೆ, ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ, ಹಾಲಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ದೂರದಿಂದಲೇ ನನ್ನ ಗುರುತು ಹಿಡಿದು ಕೂಗಿದಳು. ಅಷ್ಟು ಚೆನ್ನಾಗಿತ್ತು ಕಣ್ಣು. ಸಹಿಯ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ಅಲಸಂದೆಯ ಬೀಜದ ಒಂದು ಗಂಟನ್ನು ನನ್ನ ಕೈಗೆ ತುರುಕಿ, ಜಾವಗಲ್ಲಿನ ಬಸ್ಸು ಹತ್ತಿ ಹೋದಳು. ಮತ್ತೆ ಅವಳನ್ನು ನೋಡಲಿಲ್ಲ.

ಈ ಹಾಳೆಗಳನ್ನು ಬರೆಯುವಾಗ ಸೊಸೆ ಬಂದು ಪಕ್ಕದಲ್ಲಿ ನಿಂತಳು.

"ಏನತ್ತೆ ಬರೀತಿರೋದು?"

"ವರದಿ ಕಣೇ."

"ಯಾರಿಗೆ?"

ಯಾರಿಗೆ ಎಂದು ನನಗೂ ಗೊತ್ತಿರಲಿಲ್ಲ. ಸಾಹೇಬರು ಇಲ್ಲ, ಶೇಷಾದ್ರಿಯವರು ಎಲ್ಲಿದ್ದಾರೋ ತಿಳಿಯದು, ಹಾಲಮ್ಮನಿಗಂತೂ ಓದು ಬರುತ್ತಿರಲಿಲ್ಲ. ಉಳಿದವರು ನೀವು. ಆದ್ದರಿಂದ ನಿಮ್ಮ ಎದುರಿಗೇ ಆ ವರದಿಯ ಕೊನೆಯ ವಾಕ್ಯವನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತಿದ್ದೇನೆ: ಗ್ರಾಮಸ್ಥರು ಪೂರ್ಣವಾಗಿ ಸಹಕರಿಸಿದರು. ಯೋಜನೆ ಸಫಲವಾಯಿತು. ಸಹಿ ಹಾಕಿದವಳಿಗೆ ಆ ದಿನ ಧೈರ್ಯ ಸಾಲಲಿಲ್ಲ.